ಒಂದೇ ಹೆಸರಿನ ನಾಲ್ವರು

ಮಕ್ಕಳೇ, ಅಜ್ಜ-ಅಜ್ಜಿಯರೇ, ಈ ವಾರ ಗಿಡದ ಮಾತಿಗೆ ಬರುವ ಮೊದಲು ಒಂದು ಬ್ಯಾಂಕಿನ ಕಥೆ ಹೇಳುತ್ತೇನೆ.

ನಾನು ಕ್ಲಾರ್ಕ್ ಆಗಿ ಸೇರಿದ ಹೊಸತು. ಆಗ ಕಂಪ್ಯೂಟರ್ ಇರಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡರೆ ತೊಡೆ ನೋಯುವಷ್ಟು ದಪ್ಪದ ಲೆಡ್ಜರುಗಳು. ಒಂದು ಮಧ್ಯಾಹ್ನ ಒಬ್ಬ ರೈತರು ಹತ್ತಿ ಮಾರಿದ ದುಡ್ಡು ತಂದು ಕಟ್ಟಿದರು. ನಾನು ಹೆಸರು ನೋಡಿದೆ, ಊರು ನೋಡಿದೆ, ಲೆಡ್ಜರ್ ತೆರೆದು ಬರೆದುಬಿಟ್ಟೆ. ಸಂಜೆ ಲೆಕ್ಕ ತಾಳೆ ನೋಡಿದರೆ ಒಂದು ಪೈಸೆಯೂ ಹೆಚ್ಚುಕಡಿಮೆ ಇಲ್ಲ. ಖುಷಿಯಿಂದ ಮನೆಗೆ ಹೋದೆ.

ಎಂಟು ದಿನ ಕಳೆದ ಮೇಲೆ ಆ ರೈತರು ಪಾಸ್‌ಬುಕ್ ಹಿಡಿದು ಬಂದರು. ಅವರ ಖಾತೆಯಲ್ಲಿ ದುಡ್ಡೇ ಇಲ್ಲ! ಹುಡುಕಿದಾಗ ತಿಳಿಯಿತು, ಅದೇ ಊರಿನಲ್ಲಿ ಅದೇ ಹೆಸರಿನ ಇನ್ನೊಬ್ಬರು ಇದ್ದರು. ನಾನು ಅವರ ಪುಟದಲ್ಲಿ ಬರೆದಿದ್ದೆ. ಮೊತ್ತ ಸರಿ ಇತ್ತು, ಮನುಷ್ಯ ತಪ್ಪಿದ್ದ. ಅದಕ್ಕೇ ತಾಳೆಯಲ್ಲಿ ಸಿಕ್ಕಿರಲಿಲ್ಲ. ಪುಣ್ಯಕ್ಕೆ ಆ ಇನ್ನೊಬ್ಬರು ದುಡ್ಡು ತೆಗೆದಿರಲಿಲ್ಲ. ಕೆಂಪು ಮಸಿಯಲ್ಲಿ ತಿದ್ದಿ ಸರಿ ಮಾಡಿದೆವು. ನಮ್ಮ ಮೇಲಧಿಕಾರಿ ಬೈಯಲಿಲ್ಲ. "ಹೆಸರು ನೋಡಿ ನಂಬಬೇಡ. ತಂದೆ ಹೆಸರು, ಖಾತೆ ನಂಬರು, ಸಹಿ, ಇಷ್ಟೂ ಕೂಡಿ ಬಂದರೆ ಮಾತ್ರ ಅದೇ ಮನುಷ್ಯ" ಎಂದರು. ಆ ಮಾತು ನಿವೃತ್ತಿಯ ತನಕ ನನ್ನನ್ನು ಕಾಯಿತು.

ನಿವೃತ್ತಿಯ ಮೇಲೂ ಕಾಯಿತು ಅನ್ನುವುದನ್ನು ಹೇಳುವುದಕ್ಕೇ ಈ ವಾರದ ಬರಹ.

ಮೊನ್ನೆ ದಸರಾ ರಜೆಗೆ ಮೊಮ್ಮಗಳು ಬಳಿಚಕ್ರಕ್ಕೆ ಬಂದಿದ್ದಳು. ಆರನೇ ತರಗತಿ. ಶಾಲೆಯಲ್ಲಿ ಅವಳಿಗೆ ಒಂದು ಕೆಲಸ ಕೊಟ್ಟಿದ್ದರು: ಮನೆಯ ಅಂಗಳದ ಐದು ಹೂಗಿಡಗಳ ಚಿತ್ರ ಬರೆದು ಹೆಸರು ಬರೆಯಬೇಕು. ದಾಸವಾಳ, ಮಲ್ಲಿಗೆ, ಚೆಂಡು ಹೂ ಮೂರು ಸಲೀಸಾಗಿ ಮುಗಿದವು. ನಾಲ್ಕನೆಯದು ಗೇಟಿನ ಪಕ್ಕದ ಎತ್ತರದ ಕಣಗಿಲೆ. ಐದನೆಯದಕ್ಕೆ ಬಂದಾಗ ತಕರಾರು ಶುರುವಾಯಿತು.

ತುಳಸಿಕಟ್ಟೆಯ ಬುಡದಲ್ಲಿ ಮೊಣಕಾಲೆತ್ತರದ ಒಂದು ಗಿಡ ಇದೆ. ಯಾರೂ ನೆಟ್ಟದ್ದಲ್ಲ, ತಾನೇ ಹುಟ್ಟಿದ್ದು. ತಿಳಿಗುಲಾಬಿ ಹೂ. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ, 40 ಡಿಗ್ರಿ ದಾಟಿದರೆ ಮನುಷ್ಯರೇ ಬಾಡುತ್ತೇವೆ. ಆ ಬಿಸಿಲಲ್ಲೂ ಈ ಗಿಡ ಹೂ ಬಿಡುವುದು ನಿಲ್ಲಿಸುವುದಿಲ್ಲ. ಆಡು ಬಂದರೂ ಮೂಸಿ ನೋಡಿ ಮುಂದೆ ಹೋಗುತ್ತದೆ, ಬಾಯಿ ಹಾಕುವುದಿಲ್ಲ. ಅಷ್ಟು ಕಹಿ.

"ಮುತ್ಯಾ, ಇದರ ಹೆಸರೇನು?"

"ಸದಾಪುಷ್ಪ" ಎಂದೆ.

ಒಳಗಿನಿಂದ ಅವಳ ಆಯಿ, "ಅದು ಕಾಶಿ ಕಣಗಿಲಿ" ಎಂದಳು. ಹಾಲು ಹಾಕಲು ಬಂದವನು "ನಿತ್ಯಪುಷ್ಪ ಅದು" ಎಂದ. ಮೊಮ್ಮಗಳು ನನ್ನ ಫೋನಿನಲ್ಲಿ ಫೋಟೊ ತೆಗೆದು ಗಿಡ ಗುರುತಿಸುವ ಆ್ಯಪಿಗೆ ಕೇಳಿದಳು. ಅದು "ಮಡಗಾಸ್ಕರ್ ಪೆರಿವಿಂಕಲ್" ಎಂದಿತು. ಒಂದು ಗಿಡಕ್ಕೆ ನಾಲ್ಕು ಹೆಸರು. ನಾಲ್ಕೂ ಸರಿಯೇ. ಅವಳು ನಾಲ್ಕನ್ನೂ ಬರೆದುಕೊಂಡಳು.

ಮರುದಿನ ಮುಂಜಾನೆ ನಮ್ಮ ಓಣಿಯ ಹಿರಿಯಾಕೆಯೊಬ್ಬರು ಬಂದರು. ನನಗಿಂತ ನಾಲ್ಕು ವರ್ಷ ದೊಡ್ಡವರು, ಅಕ್ಕ ಎಂದೇ ಕರೆಯುತ್ತೇನೆ. ಕೈಯಲ್ಲಿ ಸಣ್ಣ ಬಟ್ಟಲು.

"ತಮ್ಮಾ, ನಿಮ್ಮನ್ಯಾಗ ಕಣಗಿಲಿ ಗಿಡ ಅದಲಾ, ಅದರ ನಾಕು ಎಲಿ ಹರ್ಕೊಂಡು ಹೋಗ್ತೀನಿ."

"ಯಾಕಕ್ಕ?"

"ಸಕ್ಕರಿ ಬ್ಯಾನಿಗಿ ಭಾಳ ಚಲೋ ಅಂತ. ದಿನಾ ಮುಂಜಾನಿ ಖಾಲಿ ಹೊಟ್ಟಿಲೆ ತಿನ್ನಬೇಕಂತ. ಕಟ್ಟಿ ಮ್ಯಾಲ ಎಲ್ಲಾರೂ ಹೇಳ್ತಾರ."

ಹೀಗೆ ಹೇಳುತ್ತಲೇ ಅವರು ಗೇಟಿನ ಪಕ್ಕದ ಎತ್ತರದ ಗಿಡದ ಕೊಂಬೆ ಬಗ್ಗಿಸಿದರು. ನಾನು ಪೇಪರು ಮಡಚಿ ಏಳುವುದರೊಳಗೆ ಮೊಮ್ಮಗಳು ಕೇಳಿದಳು:

"ಯಾವ ಕಣಗಿಲಿ ಆಯಿ? ನಮ್ಮನ್ಯಾಗ ಎರಡು ಅವ."

ಅಕ್ಕನ ಕೈ ನಿಂತಿತು. ನನಗೆ ಒಮ್ಮೆಲೇ ಹಳೆಯ ಲೆಡ್ಜರ್ ನೆನಪಾಯಿತು. ಅವರು ಬಗ್ಗಿಸಿದ್ದು ನಿಜವಾದ ಕಣಗಿಲೆ. ಎಲೆ, ಹೂ, ಕಾಂಡ, ಬೇರು, ಬೀಜ ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುವ ವಿಷ. ಕಟ್ಟೆಯ ಮೇಲಿನವರು ಹೇಳಿದ್ದು ಕಾಶಿ ಕಣಗಿಲೆ. ಅಕ್ಕನ ಕಿವಿಗೆ ಬಿದ್ದದ್ದು ಕಣಗಿಲೆ ಮಾತ್ರ. ಲೆಡ್ಜರಿನ ತಪ್ಪನ್ನು ಕೆಂಪು ಮಸಿಯಲ್ಲಿ ತಿದ್ದಬಹುದು. ಇದನ್ನು ಯಾವ ಮಸಿಯಲ್ಲಿ ತಿದ್ದುವುದು?

ಅಕ್ಕನನ್ನು ಕೂರಿಸಿ ಚಹಾ ಕೊಟ್ಟೆವು. ಆಮೇಲೆ ಮೂವರೂ ಕೂಡಿ ಗಿಡಗಳ ಸಹಿ ಪರೀಕ್ಷೆ ಮಾಡಿದೆವು. ಅದನ್ನೇ ನಿಮಗೂ ಹೇಳುತ್ತೇನೆ. ನಾನು ಓದಿದ್ದು ಬಿ.ಕಾಂ., ಸಸ್ಯಶಾಸ್ತ್ರವಲ್ಲ. ಆದರೆ ಸಹಿ ನೋಡಲು ಬಂದವನಿಗೆ ಎಲೆ ನೋಡುವುದು ಅಷ್ಟು ಕಷ್ಟವಲ್ಲ.

ಕನ್ನಡದಲ್ಲಿ ಕಣಗಿಲೆ ಎಂಬ ಹೆಸರು ಹೊತ್ತ ನಾಲ್ಕು ಗಿಡಗಳು ಸಾಮಾನ್ಯವಾಗಿ ನಮ್ಮ ಅಂಗಳ, ಗುಡಿ, ರಸ್ತೆಗಳಲ್ಲಿ ಸಿಗುತ್ತವೆ. ಒಂದು, ಬರೀ ಕಣಗಿಲೆ. ಗುಲಾಬಿ, ಕೆಂಪು, ಬಿಳಿ ಹೂ ಬಿಡುತ್ತದೆ. ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಸಾಲಾಗಿ ಬೆಳೆಸಿರುವುದು ಇದನ್ನೇ. ಎರಡು, ಹಳದಿ ಕಣಗಿಲೆ. ಗಂಟೆಯ ಹಾಗೆ ಹಳದಿ ಹೂ. ಇದೂ ಕಡು ವಿಷ. ಮೂರು, ದೇವಕಣಗಿಲೆ. ಗುಡಿಯ ಮುಂದೆ ದಪ್ಪ ಕೊಂಬೆಗಳ ಮರ, ಬಿಳಿ ಹೂವಿನ ನಡುವೆ ಹಳದಿ. ನಾಲ್ಕು, ನಮ್ಮ ತುಳಸಿಕಟ್ಟೆಯ ಕಾಶಿ ಕಣಗಿಲೆ.

ಇವು ನಾಲ್ಕೂ ನಿಜವಾಗಿ ಒಂದೇ ಮನೆತನದವು. ಅಪೊಸೈನೇಸಿ ಎಂಬ ಕುಟುಂಬ. ಎಲ್ಲವಕ್ಕೂ ಐದು ದಳದ ಹೂ. ದಳಗಳು ಗಾಳಿಗಿರಗಟ್ಲೆಯ ಹಾಗೆ ಒಂದು ದಿಕ್ಕಿಗೆ ತಿರುಗಿರುತ್ತವೆ. ಚಿವುಟಿದರೆ ಹಾಲಿನಂಥ ರಸ ಬರುತ್ತದೆ. ಹಾಗಾಗಿ ಐದು ದಳ ಇದೆ, ಹಾಲು ಬಂತು ಎಂದು ಗುರುತು ಹಿಡಿಯಲು ಹೋದರೆ ಮೋಸ ಹೋಗುತ್ತೀರಿ. ಅದು ಮನೆತನದ ಅಡ್ಡಹೆಸರು ಇದ್ದ ಹಾಗೆ. ಮನುಷ್ಯ ಯಾರು ಎಂದು ತಿಳಿಯಲು ಇನ್ನೂ ಐದು ಗುರುತು ಬೇಕು.

ಮೊದಲನೆಯದು ಎತ್ತರ. ಕಾಶಿ ಕಣಗಿಲೆ ಮೊಣಕಾಲಿನಿಂದ ಸೊಂಟದವರೆಗೆ. ಒಂದು ಮೀಟರ್ ದಾಟುವುದು ಅಪರೂಪ. ಕಣಗಿಲೆ ಮತ್ತು ಹಳದಿ ಕಣಗಿಲೆ ಆಳೆತ್ತರ ಮೀರುತ್ತವೆ. ದೇವಕಣಗಿಲೆಯಂತೂ ಮರವೇ. ಆದರೆ ಜಾಗ್ರತೆ, ಕಣಗಿಲೆಯ ಎಳೆಯ ಗಿಡವೂ ಗಿಡ್ಡಗಿರುತ್ತದೆ. ಆದ್ದರಿಂದ ಎತ್ತರ ಒಂದನ್ನೇ ನಂಬಬಾರದು.

ಎರಡನೆಯದು ಎಲೆ ಕೂತ ಬಗೆ. ಮಕ್ಕಳೇ, ಇದು ಎಲ್ಲಕ್ಕಿಂತ ಗಟ್ಟಿ ಗುರುತು. ಕಾಶಿ ಕಣಗಿಲೆಯ ಒಂದೊಂದು ಗೆಣ್ಣಿನಲ್ಲಿ ಎರಡೆರಡು ಎಲೆ, ಎದುರುಬದುರು. ಕೆಳಗಿನ ಜೋಡಿ ಪೂರ್ವ-ಪಶ್ಚಿಮಕ್ಕೆ ಇದ್ದರೆ ಮೇಲಿನ ಜೋಡಿ ಉತ್ತರ-ದಕ್ಷಿಣಕ್ಕೆ. ಮೇಲಿನಿಂದ ನೋಡಿದರೆ ಕೂಡಿಸುವ ಚಿಹ್ನೆ ಕಾಣುತ್ತದೆ. ಕಣಗಿಲೆಯಲ್ಲಿ ಸಾಮಾನ್ಯವಾಗಿ ಒಂದು ಗೆಣ್ಣಿಗೆ ಮೂರು ಎಲೆ. ಹಳದಿ ಕಣಗಿಲೆಯಲ್ಲಿ ಒಂದೊಂದೇ ಎಲೆ, ಸುರುಳಿಯಾಗಿ ಮೇಲೆ ಹತ್ತುತ್ತದೆ. ಎರಡು, ಮೂರು, ಒಂದು. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಮೂರನೆಯದು ಎಲೆಯ ಆಕಾರ. ಕಾಶಿ ಕಣಗಿಲೆಯದು ಮೊಟ್ಟೆಯಾಕಾರ, ತುದಿ ದುಂಡಗೆ, ಮೇಲ್ಮೈ ಎಣ್ಣೆ ಸವರಿದಂತೆ ಹೊಳಪು. ನಡುವೆ ಬೆಳ್ಳಗಿನ ನರ ಗೆರೆ ಎಳೆದ ಹಾಗೆ ಕಾಣುತ್ತದೆ. ಕಣಗಿಲೆಯ ಎಲೆ ಉದ್ದ, ಕಿರಿದು, ಚೂಪು, ಚರ್ಮದ ಹಾಗೆ ಬಿರುಸು. ಹಳದಿ ಕಣಗಿಲೆಯದು ಇನ್ನೂ ಕಿರಿದು, ರಿಬ್ಬನ್ನಿನ ತುಂಡಿನ ಹಾಗೆ.

ನಾಲ್ಕನೆಯದು ಹೂ. ಕಾಶಿ ಕಣಗಿಲೆಯ ಹೂ ಎಲೆಯ ಕಂಕುಳಲ್ಲಿ ಒಂದೋ ಎರಡೋ ಇರುತ್ತದೆ, ಗೊಂಚಲಲ್ಲ. ಚಪ್ಪಟೆಯಾಗಿ ಅರಳುತ್ತದೆ. ಕೆಳಗೆ ಸುಮಾರು ಒಂದು ಅಂಗುಲದ ತೆಳು ಕೊಳವೆ. ನಡುವೆ ಸಣ್ಣ ಕಣ್ಣು, ಬಿಳಿ ಹೂವಿನಲ್ಲಿ ಎಷ್ಟೋ ಸಲ ಆ ಕಣ್ಣು ಕೆಂಪಗಿರುತ್ತದೆ. ಕಣಗಿಲೆಯ ಹೂ ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಇರುತ್ತದೆ. ಅದರ ಗಂಟಲಲ್ಲಿ ಹರಿದ ಜಾಲರಿಯಂಥ ಕುಚ್ಚು ಇರುತ್ತದೆ. ಈ ಕುಚ್ಚು ಕಾಶಿ ಕಣಗಿಲೆಗೆ ಇಲ್ಲ.

ಐದನೆಯದು ಕಾಯಿ. ಕಾಶಿ ಕಣಗಿಲೆಗೆ ಅಂಗುಲದಷ್ಟು ಉದ್ದದ ಎರಡು ತೆಳು ಕಾಯಿ, ಜೋಡಿಯಾಗಿ. ಒಣಗಿ ಬಿರಿದರೆ ಸಣ್ಣ ಕರಿ ಬೀಜ. ಅವು ಬಿದ್ದಲ್ಲೇ ಹುಟ್ಟುತ್ತವೆ, ನಮ್ಮ ತುಳಸಿಕಟ್ಟೆಗೆ ಈ ಗಿಡ ಬಂದದ್ದು ಹಾಗೆಯೇ. ಕಣಗಿಲೆಯ ಕಾಯಿ ಅದಕ್ಕಿಂತ ಎಷ್ಟೋ ಉದ್ದ, ಬೀಜಕ್ಕೆ ರೇಷ್ಮೆಯಂಥ ಕೂದಲು. ಹಳದಿ ಕಣಗಿಲೆಯದು ಮೂಲೆ ಮೂಲೆಯಾದ ದುಂಡು ಹಸಿರು ಕಾಯಿ. ಮಕ್ಕಳು ಆಟಕ್ಕೆ ಆರಿಸಿಕೊಳ್ಳುವುದು ಇದನ್ನೇ. ದಯವಿಟ್ಟು ಆರಿಸಿಕೊಳ್ಳಬೇಡಿ.

ಐದೂ ಕೂಡಿ ಬಂದರೆ ಮಾತ್ರ ಪಾಸ್. ನಾಲ್ಕು ಬಂದು ಒಂದು ಬಾರದಿದ್ದರೆ ಚೆಕ್ ವಾಪಸ್!

ಇಷ್ಟೆಲ್ಲ ನೋಡಿದ ಮೇಲೆ ಮೊಮ್ಮಗಳು ಕೇಳಿದಳು, "ಮುತ್ಯಾ, ಗಿಡಕ್ಕ ಖಾತೆ ನಂಬರ್ ಇರಂಗಿಲ್ಲೇನು?" ಇದೆ ಮಗಳೇ. ಅದೇ ವೈಜ್ಞಾನಿಕ ಹೆಸರು. ಊರೂರಿಗೆ ಹೆಸರು ಬದಲಾದರೂ ಅದು ಬದಲಾಗುವುದಿಲ್ಲ. ಕಣಗಿಲೆ ಎಂದರೆ ನೀರಿಯಮ್ ಒಲಿಯಾಂಡರ್. ಕಾಶಿ ಕಣಗಿಲೆ ಎಂದರೆ ಕ್ಯಾಥರಾಂಥಸ್ ರೋಸಿಯಸ್. 1759ರಲ್ಲಿ ಲಿನೇಯಸ್ ಎಂಬ ಸ್ವೀಡನ್ನಿನ ವಿಜ್ಞಾನಿ ಇದಕ್ಕೆ ವಿಂಕಾ ರೋಸಿಯಾ ಎಂದು ಹೆಸರಿಟ್ಟ. ಮುಂದೆ ಇದು ವಿಂಕಾ ಗುಂಪಿನದಲ್ಲ ಎಂದು ತಿಳಿದಾಗ ಖಾತೆ ಬದಲಾಯಿಸಿದರು. ಕ್ಯಾಥರಾಂಥಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಶುದ್ಧವಾದ ಹೂ. ಹೆಸರಿನಲ್ಲಿ ಕಾಶಿ ಇದ್ದರೂ ಇದರ ತವರು ಕಾಶಿಯಲ್ಲ, ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪ. ಅಲ್ಲಿಂದ ಹೊರಟು ಲೋಕವನ್ನೆಲ್ಲ ಸುತ್ತಿ ನಮ್ಮ ಅಂಗಳಕ್ಕೆ ಬಂದಿದೆ.

ಈಗ ಅಕ್ಕನ ಪ್ರಶ್ನೆ ಉಳಿಯಿತು. "ಹಂಗಾರ ಆ ಸಣ್ಣ ಗಿಡದ ಎಲಿ ತಿನ್ನಬಹುದಲ್ಲ, ತಮ್ಮಾ?"

ಅದಕ್ಕೆ ಉತ್ತರ ಕೊಡಲು ನಾನು ಒಂದು ದೊಡ್ಡ ಕಥೆ ಹೇಳಬೇಕಾಯಿತು. ಅದು ನಿಜ ಕಥೆ.

1952ರಲ್ಲಿ ಕೆನಡಾ ದೇಶದ ಕ್ಲಾರ್ಕ್ ನೋಬಲ್ ಎಂಬ ವೈದ್ಯರಿಗೆ ಜಮೈಕಾದಿಂದ ಒಂದು ಲಕೋಟೆ ಬಂತು. ಒಳಗೆ ಇದೇ ಗಿಡದ ಎಲೆಗಳು. ಅಲ್ಲಿಯ ಜನ ಇದರ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಕ್ಲಾರ್ಕ್ ಅದನ್ನು ತಮ್ಮ ಸೋದರ ರಾಬರ್ಟ್ ನೋಬಲ್ ಅವರಿಗೆ ಕೊಟ್ಟರು. ರಾಬರ್ಟ್ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು. ಅವರು ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿ ನೋಡಿದರು. ರಕ್ತದ ಸಕ್ಕರೆಯಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ಚುಚ್ಚುಮದ್ದಾಗಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆ ಎಂದು ನೋಡಿದರೆ, ಅವುಗಳ ಬಿಳಿ ರಕ್ತಕಣಗಳು ತೀರ ಇಳಿದುಹೋಗಿದ್ದವು. ಬಿಳಿ ರಕ್ತಕಣ ಎಂದರೆ ನಮ್ಮ ಮೈಯ ಕಾವಲುಗಾರರು. ಕಾವಲುಗಾರರು ಇಲ್ಲದ ಮನೆಗೆ ಕಳ್ಳರು ನುಗ್ಗಿದ್ದರು.

ಬೇರೆ ಯಾರಾದರೂ ಆಗಿದ್ದರೆ ಎಲೆಯನ್ನು ಎಸೆದುಬಿಡುತ್ತಿದ್ದರೋ ಏನೋ. ರಾಬರ್ಟ್ ಹಾಗೆ ಮಾಡಲಿಲ್ಲ. ಬಿಳಿ ರಕ್ತಕಣಗಳು ಮಿತಿಮೀರಿ ಬೆಳೆಯುವ ಕಾಯಿಲೆಯೊಂದು ಇದೆಯಲ್ಲ, ರಕ್ತದ ಕ್ಯಾನ್ಸರ್, ಅದಕ್ಕೆ ಇದು ಮದ್ದಾಗಬಹುದೇ ಎಂದು ಯೋಚಿಸಿದರು. ಚಾರ್ಲ್ಸ್ ಬಿಯರ್ ಎಂಬ ರಸಾಯನ ವಿಜ್ಞಾನಿಯ ಜೊತೆ ಸೇರಿ ಎಲೆಯಿಂದ ಒಂದು ವಸ್ತುವನ್ನು ಬೇರ್ಪಡಿಸಿ 1958ರಲ್ಲಿ ಲೋಕಕ್ಕೆ ತಿಳಿಸಿದರು. ಅದೇ ವಿನ್‌ಬ್ಲಾಸ್ಟಿನ್. ಅದರ ಹಿಂದೆಯೇ ಇದೇ ಗಿಡದಿಂದ ವಿನ್‌ಕ್ರಿಸ್ಟಿನ್ ಬಂತು. ಒಂದು ಗ್ರಾಂ ಔಷಧಿಗೆ ನೂರಾರು ಕಿಲೋ ಒಣಗಿದ ಎಲೆ ಬೇಕು. ಎಲೆಯಲ್ಲಿ ಅದು ಅಷ್ಟು ಕಡಿಮೆ.

ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುವ ಮುಖ್ಯ ಔಷಧಿಗಳಲ್ಲಿ ವಿನ್‌ಕ್ರಿಸ್ಟಿನ್ ಒಂದು. ಒಂದು ಕಾಲಕ್ಕೆ ಆ ಕಾಯಿಲೆ ಬಂದ ಮಕ್ಕಳಲ್ಲಿ ಬದುಕುಳಿಯುತ್ತಿದ್ದವರು ಬೆರಳೆಣಿಕೆಯಷ್ಟು. ಇಂದು ಇದನ್ನೂ ಇನ್ನೂ ಹಲವು ಔಷಧಿಗಳನ್ನೂ ಸೇರಿಸಿ ಸರಿಯಾದ ಚಿಕಿತ್ಸೆ ಕೊಟ್ಟರೆ ಹೆಚ್ಚಿನ ಮಕ್ಕಳು ಗುಣವಾಗಿ ಶಾಲೆಗೆ ಮರಳುತ್ತಾರೆ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆಯಂಥ ಆಸ್ಪತ್ರೆಗಳಿಗೆ ನಮ್ಮ ಕಡೆಯಿಂದಲೂ ಎಷ್ಟೋ ತಂದೆತಾಯಿಗಳು ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ. ಅಲ್ಲಿ ಮಗುವಿನ ತೂಕ, ರಕ್ತಪರೀಕ್ಷೆ ಎಲ್ಲ ನೋಡಿ, ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತನಾಳದ ಮೂಲಕ ಈ ಔಷಧಿ ಕೊಡುತ್ತಾರೆ. ಸ್ವಲ್ಪ ಹೆಚ್ಚಾದರೂ ಅಪಾಯ.

"ಹೀಂಗಾದ ಮ್ಯಾಲ, ಅಕ್ಕ," ಎಂದೆ, "ಎಷ್ಟು ಎಲಿ ತಿಂದ್ರ ಎಷ್ಟು ಔಷಧಿ ಮೈಯಾಗ ಹೋಗ್ತದ ಅಂತ ನಮಗ ಯಾರು ಲೆಕ್ಕ ಹೇಳಬೇಕು?"

ಅಕ್ಕ ಒಪ್ಪಲಿಲ್ಲ. "ನೀ ಓದಿದವ, ಹಂಗs ಹೇಳ್ತಿ. ತಿಂದವರಿಗಿ ಏನೂ ಆಗಿಲ್ಲ."

ಆಗ ನಾನು ಎರಡು ವರ್ಷದಿಂದ ಮುಚ್ಚಿಟ್ಟದ್ದನ್ನು ಹೇಳಲೇಬೇಕಾಯಿತು. ತಿಂದವರಲ್ಲಿ ನಾನೂ ಒಬ್ಬ.

ಸಕ್ಕರೆ ಕಾಯಿಲೆ ಇದೆ ಎಂದು ತಿಳಿದ ಹೊಸತರಲ್ಲಿ ಅದೇ ಕಟ್ಟೆಯ ಮೇಲೆ, ಅದೇ ಮಾತು ಕೇಳಿ, ಮನೆಯಾಕೆಗೂ ಹೇಳದೆ ಇಪ್ಪತ್ತು ದಿನ ಮುಂಜಾನೆ ನಾಲ್ಕು ನಾಲ್ಕು ಎಲೆ ಅಗಿದಿದ್ದೆ. ಗುಣವಾಗುತ್ತಿದೆ ಎಂದು ನಾನೇ ತೀರ್ಮಾನಿಸಿ ಮಾತ್ರೆಯನ್ನು ಅರ್ಧ ಮಾಡಿದ್ದೆ. ಬಾಯಿ ಕಹಿ, ಹೊಟ್ಟೆ ತೊಳಸು, ತಲೆಸುತ್ತು. ಕೊನೆಗೆ ಯಾದಗಿರಿಗೆ ಹೋಗಿ ವೈದ್ಯರ ಮುಂದೆ ಕೂತೆ. ಪರೀಕ್ಷೆ ಮಾಡಿದರೆ ಸಕ್ಕರೆ ಮೊದಲಿಗಿಂತ ಹೆಚ್ಚಾಗಿತ್ತು. ಎಲೆಯ ವಿಷಯ ಹೇಳಿದ ಕೂಡಲೇ ಅವರು ಬಿಳಿ ರಕ್ತಕಣಗಳ ಪರೀಕ್ಷೆಯನ್ನೂ ಮಾಡಿಸಿದರು. ಅದು ಸರಿ ಇತ್ತು. "ನಿಮ್ಮ ಪುಣ್ಯ" ಎಂದರು. ಮಕ್ಕಳ ಕ್ಯಾನ್ಸರ್ ಔಷಧಿಯ ಕಥೆಯನ್ನು ನನಗೆ ಮೊದಲು ಹೇಳಿದವರು ಅವರೇ.

ಮೂವತ್ತೈದು ವರ್ಷ ಬೇರೆಯವರ ಸಹಿ ಪರೀಕ್ಷೆ ಮಾಡಿದವನು ಒಂದು ಎಲೆಯನ್ನು ಪರೀಕ್ಷೆ ಮಾಡದೆ ಬಾಯಿಗೆ ಹಾಕಿಕೊಂಡೆನಲ್ಲ ಎಂಬ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ನಾನು ಅಂದೇ ಕಟ್ಟೆಯ ಮೇಲೆ ಕೂತು ಹೇಳಿದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಹೇಳಲಿಲ್ಲ. ಅದು ಎರಡು ವರ್ಷ ಓಣಿ ಓಣಿ ತಿರುಗಿ, ಅರ್ಧ ಹೆಸರು ಕಳೆದುಕೊಂಡು, ಅಕ್ಕನ ಕೈಯನ್ನು ವಿಷದ ಗಿಡದ ತನಕ ತಂದಿತು. ಇದರಲ್ಲಿ ನನ್ನ ಪಾಲೂ ಇದೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮನೆಯಾಕೆ ಒಳಗಿನಿಂದ ಬಂದು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಅಕ್ಕ, "ಗುಳಿಗಿ ಮುಗದು ಹದಿನೈದು ದಿನಾ ಆತು, ಯಾದಗಿರಿಗಿ ಕರ್ಕೊಂಡು ಹೋಗೋರು ಯಾರೂ ಇಲ್ಲ" ಎಂದರು. ಎಲೆ ಕೇಳಲು ಬಂದ ನಿಜವಾದ ಕಾರಣ ಅದು. ಆ ವಾರವೇ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಬಂದೆವು. ಈಗ ತಿಂಗಳಿಗೊಮ್ಮೆ ಕೂಡಿಯೇ ಹೋಗುವುದೆಂದು ಮಾತಾಗಿದೆ. ಅಂದು ಸಂಜೆ ಕಟ್ಟೆಯ ಮೇಲೂ ಕೂತು ನನ್ನ ಇಪ್ಪತ್ತು ದಿನದ ಕಥೆ ಹೇಳಿ ಬಂದೆ. ಕೆಲವರು ನಕ್ಕರು. ಇಬ್ಬರು ಮಾತ್ರ ಮನೆಗೆ ಹೋಗುವಾಗ ಜೊತೆಗೆ ನಡೆದು ಬಂದು, ತಾವೂ ತಿನ್ನುತ್ತಿದ್ದೇವೆ ಎಂದರು.

ಅಜ್ಜ-ಅಜ್ಜಿಯರೇ, ಎಲೆ ತಿನ್ನುವ ಅಭ್ಯಾಸ ನಿಮಗೂ ಇದ್ದರೆ ವೈದ್ಯರಿಗೆ ಹೇಳಿಬಿಡಿ. ಮಾತ್ರೆಯನ್ನು ನೀವೇ ಹೆಚ್ಚುಕಡಿಮೆ ಮಾಡಬೇಡಿ. ಯಾರಾದರೂ ಕಣಗಿಲೆಯನ್ನೋ ಹಳದಿ ಕಣಗಿಲೆಯನ್ನೋ ಬಾಯಿಗೆ ಹಾಕಿಕೊಂಡರೆ ಮನೆಮದ್ದು ಮಾಡುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗುವಾಗ ಆ ಗಿಡದ ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಗಿಡ ಯಾವುದು ಎಂದು ತಿಳಿದರೆ ವೈದ್ಯರಿಗೆ ಅನುಕೂಲ. ಹಾಗೆಂದು ಹೆದರಿ ಗಿಡಗಳನ್ನು ಕಡಿಯುವುದು ಬೇಡ. ಕಣಗಿಲೆ ಪೂಜೆಗೆ ಬೇಕು, ಕಾಶಿ ಕಣಗಿಲೆ ಕಣ್ಣಿಗೆ ಬೇಕು. ಮುಟ್ಟಿದ ಮೇಲೆ ಕೈ ತೊಳೆದುಕೊಂಡರಾಯಿತು.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಅಜ್ಜನ ಅಥವಾ ಅಜ್ಜಿಯ ಕೈ ಹಿಡಿದು ನಿಮ್ಮ ಓಣಿಯಲ್ಲಿ ಒಂದು ಸುತ್ತು ಬನ್ನಿ. ನಾಲ್ಕು ಕಣಗಿಲೆಗಳಲ್ಲಿ ಎಷ್ಟು ಸಿಗುತ್ತವೆ ನೋಡಿ. ಗೆಣ್ಣಿಗೆ ಎಷ್ಟು ಎಲೆ ಎಂದು ಎಣಿಸಿ ಬರೆದುಕೊಳ್ಳಿ. ನಿಮ್ಮ ಮನೆಯಲ್ಲಿ ಆ ಗಿಡಕ್ಕೆ ಏನೆನ್ನುತ್ತಾರೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಊರಿಗೊಂದು ಹೆಸರು ಸಿಗುತ್ತದೆ, ಅದೂ ಒಂದು ಸಂಪತ್ತೇ.

ಮೊಮ್ಮಗಳ ಚಿತ್ರದ ಪುಸ್ತಕದಲ್ಲಿ ಐದನೆಯ ಪುಟಕ್ಕೆ ಈಗ ಐದು ಹೆಸರು ಇವೆ. ಕೊನೆಯ ಸಾಲಿನಲ್ಲಿ ಅವಳೇ ಸೇರಿಸಿದ್ದಾಳೆ: ನೋಡಲು ಮಾತ್ರ, ತಿನ್ನಲು ಅಲ್ಲ.

ಮುಂದಿನ ವಾರ ಇದೇ ಮನೆತನದ ಇನ್ನೊಬ್ಬರನ್ನು ನೋಡೋಣ, ರಾತ್ರಿ ಘಮ್ಮೆನ್ನುವ ನಂದಿಬಟ್ಟಲು.